ಮಗುಚಿದ ದೋಣಿಯನ್ನು ಮರಳಿ ನಿಲ್ಲಿಸುವ ಬಗೆ

ಪತ್ರಿಕೆಯ ಕೆಲಸಕ್ಕೆ ಕೈಹಾಕಿದ ಮೇಲೂ ಶಹಾಡಿನ ನಮ್ಮ ಹಳೆಯ ಹೊಟೇಲಿಗೆ ರಾತ್ರಿ ಒಮ್ಮೆ ಹೋಗಿಬರುವ ಅಭ್ಯಾಸವನ್ನು ನಾವು ಬಿಟ್ಟಿಲ್ಲ. ಈಗ ಗಲ್ಲಾಪೆಟ್ಟಿಗೆಯ ಮುಂದೆ ತಮ್ಮನು ಕೂರುತ್ತಾನೆ. ಕೊನೆಯ ಗಿರಾಕಿ ಎದ್ದುಹೋಗಿ, ಕುರ್ಚಿಗಳನ್ನು ಮೇಜುಗಳ ಮೇಲೆ ಕವುಚಿಟ್ಟು, ನೆಲ ತೊಳೆದಾದ ಬಳಿಕ ಹುಡುಗರಿಗೆ ಅರ್ಧ ಗಂಟೆಯ ಬಿಡುವು. ಹಿಂದೆ ಆ ಬಿಡುವಿನಲ್ಲಿ ಇಸ್ಪೀಟು ನಡೆಯುತ್ತಿತ್ತು, ಈಗ ಮೊಬೈಲು. ಕಳೆದ ತಿಂಗಳ ಒಂದು ರಾತ್ರಿ ನಾಲ್ಕೈದು ತಲೆಗಳು ಒಂದೇ ಫೋನಿನ ಮೇಲೆ ಬಾಗಿದ್ದುವು. ಸಿನೆಮಾ ಇರಬೇಕೆಂದು ಭಾವಿಸಿ ಗದರಲು ಹೋದ ನಾವು, ಅಲ್ಲಿ ಕಂಡ ಚಿತ್ರವನ್ನು ನೋಡಿ ಸುಮ್ಮನೆ ನಿಂತೆವು.

ಯಾವುದೋ ದೂರದೇಶದ ಸರೋವರ. ನೀರಿನ ಮೇಲೆ ಒಂದು ಪುಟ್ಟ ಹಾಯಿದೋಣಿ ತಳ ಮೇಲಾಗಿ ಬಿದ್ದಿತ್ತು. ಅದು ಸಾಮಾನ್ಯ ದೋಣಿಯಲ್ಲ. ನಡುವೆ ಒಂದು ಉದ್ದನೆಯ ಒಡಲು, ಅದರ ಎಡಬಲಗಳಲ್ಲಿ ಅಡ್ಡತೊಲೆಗಳ ತುದಿಗೆ ಜೋಡಿಸಿದ ಎರಡು ಚಿಕ್ಕ ಒಡಲುಗಳು. ಹೀಗೆ ಮೂರೊಡಲಿನ ದೋಣಿ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರೈಮರಾನ್ ಎನ್ನುತ್ತಾರೆ. ಅದರ ಅಡ್ಡತೊಲೆಗಳು ಕೊಡೆಯ ಕಡ್ಡಿಗಳಂತೆ ಮಡಿಚಲು ಬರುವಂಥವು. ದೋಣಿಯವನು ಒಂದು ಪಕ್ಕದ ತೊಲೆಗಳನ್ನು ಮಡಿಚಿ ಆ ಕಡೆಯ ಚಿಕ್ಕ ಒಡಲನ್ನು ನಡುವಿನ ಒಡಲಿಗೆ ಒತ್ತಿ ಇರಿಸಿದ್ದ; ಬಳಿಕ, ಚಾಚಿಕೊಂಡೇ ಇದ್ದ ಇನ್ನೊಂದು ಪಕ್ಕದ ಒಡಲಿನ ಮೇಲೆ ನಿಂತು, ಹಗ್ಗ ಹಿಡಿದು, ಮೈಯನ್ನೆಲ್ಲ ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದ. ದೋಣಿ ಒಂದು ಗೇಣು ಓಲುವುದು, ಮತ್ತೆ ಮೊದಲಿನಂತೆಯೇ ಮಲಗುವುದು. ಹತ್ತು ಬಾರಿ ಎಳೆದ. ಹತ್ತು ಬಾರಿಯೂ ಅದೇ ಪಾಡು. ಹುಡುಗರು ನಗುತ್ತಿದ್ದರು.

ಆಗ ಒಳಗೆ ಬಾಣಲೆ ತಿಕ್ಕುತ್ತಿದ್ದ ನಮ್ಮ ಹಿರಿಯ ಅಡಿಗೆಯಾತ, ಕಾರವಾರದ ಕಡೆಯವನು, ಕೈ ಒರಸಿಕೊಳ್ಳುತ್ತ ಬಂದು ಒಂದು ಗಳಿಗೆ ನೋಡಿ, “ಸೇಠರೇ, ಅವನು ನಿಂತದ್ದೇ ತಪ್ಪು ಮಗ್ಗುಲಲ್ಲಿ. ಮಡಿಚಿದ ಕಡೆ ನಿಲ್ಲಬೇಕು. ಚಾಚಿದ ಕೈ ತಲೆಯ ಮೇಲಿಂದ ಬರಬೇಕು” ಎಂದ. ಟ್ರೈಮರಾನ್ ಎಂಬ ಹೆಸರನ್ನು ಅವನು ಆ ಕ್ಷಣದವರೆಗೆ ಕೇಳಿದವನಲ್ಲ. ಆದರೆ ಎರಡು ನಿಮಿಷ ಕಳೆಯುವುದರೊಳಗೆ ಚಿತ್ರದ ಮನುಷ್ಯನೂ ಬೇಸತ್ತು ಈಚೆಯ ಪಕ್ಕಕ್ಕೆ ಈಜಿ ಬಂದು, ಮಡಿಚಿದ ಒಡಲಿನ ಮೇಲೆ ಮಂಡಿಯೂರಿ ಎಳೆದ. ದೋಣಿ ಎದ್ದು ನಿಂತಿತು.

ಸರೋವರದ ದೋಣಿಯವನು ಹತ್ತು ಬಾರಿ ಸೋತು ಕಲಿತದ್ದನ್ನು ವಡೆ ಕರಿಯುವವನು ಒಂದು ನೋಟದಲ್ಲಿ ಹೇಗೆ ತಿಳಿದ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ಕಾರವಾರ, ಗೋವೆ, ಮಾಲವಣಗಳ ಕಡಲತೀರವನ್ನು ಕಂಡ ವಾಚಕರಿಗೆ ಒಂದು ಮಗ್ಗುಲಿಗೆ ದಿಮ್ಮಿ ಕಟ್ಟಿದ ಮೀನುದೋಣಿ ಅಪರಿಚಿತವಲ್ಲ. ದೋಣಿಯ ಮೇಲಿಂದ ಎರಡು ಅಡ್ಡಮರಗಳು ಒಂದೇ ಪಕ್ಕಕ್ಕೆ ಚಾಚಿರುತ್ತವೆ. ಅವುಗಳ ತುದಿಯಲ್ಲಿ, ದೋಣಿಯ ಉದ್ದಕ್ಕೇ ಸಾಲಾಗಿ, ನೀರಿನ ಮೇಲೆ ತೇಲುವ ಒಂದು ಮರದ ದಿಮ್ಮಿ. ಕೊಂಕಣದವರು ಈ ದಿಮ್ಮಿಗೆ ಉಲಾಂಡಿ ಎನ್ನುತ್ತಾರೆ, ದೋಣಿಗೆ ಹೋಡಿ. ದಿಮ್ಮಿಯ ಕಡೆಗೆ ದೋಣಿ ವಾಲಿದರೆ ದಿಮ್ಮಿಯ ತೇಲುಬಲ ಅದನ್ನು ತಡೆಯುತ್ತದೆ. ಆಚೆಗೆ ವಾಲಿದರೆ ದಿಮ್ಮಿಯ ಭಾರ ಹಿಂದಕ್ಕೆ ಜಗ್ಗುತ್ತದೆ. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬ ಆಂಗ್ಲ ವಿದ್ವಾಂಸರು ೧೯೨೦ರಲ್ಲಿ ಭಾರತದ ದೋಣಿಗಳ ರಚನೆಯ ಬಗೆಗೆ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿ, ನಮ್ಮ ಪಶ್ಚಿಮ ತೀರದ ಈ ಪದ್ಧತಿಗೂ ಶಾಂತಸಾಗರದ ದ್ವೀಪವಾಸಿಗಳ ದೋಣಿಗಳಿಗೂ ನಂಟನ್ನು ಕಲ್ಪಿಸಿದ್ದಾರೆ. ನಮ್ಮ ಅಡಿಗೆಯಾತನ ತಂದೆ ಅಂಥ ದೋಣಿಯಲ್ಲಿ ಬಲೆ ಬೀಸಿದವನು. ಇವನು ಹತ್ತು ಹನ್ನೆರಡು ವಯಸ್ಸಿನವರೆಗೆ ತಂದೆಯೊಂದಿಗೆ ಹೋಗಿ, ದೋಣಿ ಮಗುಚಿದಾಗಲೆಲ್ಲ ಜೊತೆಗೆ ಮಗುಚಿ, ಜೊತೆಗೆ ಎದ್ದವನು.

ಒಂದೇ ದಿಮ್ಮಿಯ ದೋಣಿ ತಲೆಕೆಳಗಾದರೆ ಮಾಡುವುದೇನು? ದಿಮ್ಮಿಯಿಲ್ಲದ ಪಕ್ಕದಲ್ಲಿ ದೋಣಿಯ ಅಂಚಿನ ಮೇಲೆ ಕಾಲೂರಿ, ಅಡ್ಡಮರಕ್ಕೆ ಕಟ್ಟಿದ ಹಗ್ಗವನ್ನು ತಳದ ಮೇಲಿಂದ ತನ್ನ ಕಡೆಗೆ ಎಳೆಯಬೇಕು. ಮತ್ತೊಬ್ಬನು ಆಚೆ ಕಡೆಯಿಂದ ದಿಮ್ಮಿಯನ್ನು ಮೇಲಕ್ಕೆ ನೂಕಬೇಕು. ದಿಮ್ಮಿ ನೀರು ಬಿಟ್ಟು ಎದ್ದು, ನೆಟ್ಟಗೆ ಆಕಾಶಕ್ಕೆ ನಿಂತು, ಎಳೆಯುವವನ ತಲೆಯ ಮೇಲಿಂದ ಹಾದು ಈಚೆ ಬೀಳುತ್ತದೆ, ದೋಣಿ ನೆಟ್ಟಗಾಗುತ್ತದೆ. ದಿಮ್ಮಿಯನ್ನು ಎಂದೂ ನೀರಿನೊಳಕ್ಕೆ ಒತ್ತಲು ಹೋಗಬಾರದು, ಗಾಳಿಗೆ ಎತ್ತಬೇಕು. ತೇಲುವುದೇ ಕಸುಬಾಗಿರುವ ಮರವನ್ನು ಮುಳುಗಿಸುವುದು ಯಾರಿಗೂ ಸುಲಭವಲ್ಲ. ಎತ್ತುವುದಾದರೆ ಅದರ ಭಾರವಷ್ಟನ್ನೇ ಎತ್ತಿದರಾಯಿತು.

ಹವಾಯಿ ದ್ವೀಪಗಳಲ್ಲಿ ಆರು ಜನ ಹುಟ್ಟುಹಾಕುವ, ಎಡಗಡೆ ಒಂದೇ ದಿಮ್ಮಿಯಿರುವ ದೋಣಿಗಳ ಪಂದ್ಯಗಳು ಇಂದಿಗೂ ನಡೆಯುತ್ತವೆ. ದೋಣಿ ಮಗುಚುವುದಕ್ಕೆ ಅವರ ಭಾಷೆಯಲ್ಲಿ ‘ಹುಲಿ’ ಎಂದು ಹೆಸರು! ನಮ್ಮ ಕಾಡಿನ ಹುಲಿಯಲ್ಲ. ತಿರುಗು, ಮಗುಚು ಎಂದು ಅರ್ಥ. ಅಲ್ಲಿಯ ಸಂಘಗಳವರು ಬೇಕೆಂದೇ ದೋಣಿಯನ್ನು ಕವುಚಿ ಎತ್ತುವುದನ್ನು ಅಭ್ಯಾಸ ಮಾಡಿಸುತ್ತಾರೆ. ನೀರಿಗೆ ಬಿದ್ದೊಡನೆ ಚುಕ್ಕಾಣಿಯವನು ತಲೆ ಎಣಿಸುತ್ತಾನೆ. ಕೆಲವರು ದಿಮ್ಮಿಯ ಕಡೆಗೆ ಹೋಗಿ ನೂಕುತ್ತಾರೆ, ಕೆಲವರು ದೋಣಿಯ ಮೇಲೇರಿ ಎಳೆಯುತ್ತಾರೆ, ಮಿಕ್ಕವರು ಹುಟ್ಟುಗಳನ್ನು ಕೂಡಿಹಾಕುತ್ತಾರೆ, ದೋಣಿ ಎದ್ದ ಮೇಲೆ ನೀರು ಮೊಗೆದು ಚೆಲ್ಲುತ್ತಾರೆ. ಕಾರವಾರದ ತಂದೆ ಮಗನಿಗೆ ಕಲಿಸಿದ್ದೂ ಇದೇ. ಎರಡು ಸಾಗರಗಳ ಆಚೆ ಈಚೆ ಇರುವವರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಉಪಾಯವನ್ನು ಹಿಡಿದಿದ್ದಾರೆಂಬುದನ್ನು ಕೇಳಿ ನಮ್ಮ ಅಡಿಗೆಯಾತನಿಗೇನೂ ಆಶ್ಚರ್ಯವಾಗಲಿಲ್ಲ. “ಬೇರೆ ಉಪಾಯ ಇದ್ದರೆ ತಾನೆ ಬೇರೆ ಮಾಡುವುದು” ಎಂದ.

ಮೂರೊಡಲಿನ ದೋಣಿಯ ಕಷ್ಟ ಬೇರೆ. ಅದಕ್ಕೆ ಎರಡೂ ಕಡೆ ತೋಳುಂಟು. ಕಟ್ಟುಮರ ಎಂಬ ತಮಿಳು ಮಾತೇ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಯಿತೆಂಬುದು ಅನೇಕರಿಗೆ ಗೊತ್ತು. ಅದರ ಬಾಲವನ್ನು ಹಿಡಿದು, ಉಕ್ರೇನಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆಹೋದ ವಿಕ್ಟರ್ ಚೆಚೆಟ್ ಎಂಬವರು ೧೯೪೦ರ ದಶಕದಲ್ಲಿ ತಮ್ಮ ಮೂರೊಡಲಿನ ದೋಣಿಗೆ ಟ್ರೈಮರಾನ್ ಎಂದು ಹೆಸರಿಟ್ಟರು. ವಲಸೆಗಾರನ ಕೈಯಲ್ಲಿ ಒಂದು ವಲಸೆಯ ಶಬ್ದಕ್ಕೆ ಹೊಸ ಸಂತಾನವಾಯಿತೆನ್ನಬೇಕು. ಬಳಿಕ ಆರ್ಥರ್ ಪೈವರ್ ಎಂಬ ಅಮೆರಿಕನ್ನರು ಮನೆಯ ಹಿತ್ತಲಲ್ಲೇ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳಬಹುದಾದ ಇಂಥ ದೋಣಿಗಳ ನಕ್ಷೆಗಳನ್ನು ಮಾರಿ, ೧೯೬೦ರಲ್ಲಿ ತಾವೇ ಅಂಥದೊಂದರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಪ್ರಸಿದ್ಧರಾದರು. ೧೯೬೮ರಲ್ಲಿ ಒಬ್ಬರೇ ದೋಣಿ ಏರಿ ಹೊರಟವರು ಹಿಂದಿರುಗಲಿಲ್ಲ.

ಈ ದೋಣಿಗಳು ಹಗುರ, ವೇಗವಾದವು, ಸುಲಭವಾಗಿ ವಾಲುವುದಿಲ್ಲ. ಆದರೆ ವಾಲದಿರುವ ಗುಣವೇ ಬಿದ್ದ ಮೇಲೆ ದೋಷವಾಗುತ್ತದೆ. ಹೊಟೇಲಿನವರಿಗೆ ಇದನ್ನು ಬೇರೆ ಬಗೆಯಲ್ಲಿ ಹೇಳುವುದು ಬೇಡ: ಲೋಟ ಮೊಣಕೈ ತಾಗಿದರೆ ಉರುಳುತ್ತದೆ, ಅಗಲವಾದ ತಟ್ಟೆ ಉರುಳುವುದಿಲ್ಲ. ಆದರೆ ಅದೇ ತಟ್ಟೆಯನ್ನು ಕವುಚಿಟ್ಟರೆ ಕವುಚಿದಂತೆಯೇ ಅಷ್ಟೇ ಭದ್ರವಾಗಿ ಕೂರುತ್ತದೆ. ಮೂರೊಡಲಿನ ದೋಣಿ ತಟ್ಟೆಯ ಜಾತಿ.

ಒಂದೊಡಲಿನ ದೊಡ್ಡ ಹಾಯಿದೋಣಿ ತಂಜಾವೂರಿನ ತಲೆಯಾಡಿಸುವ ಬೊಂಬೆಯ ಜಾತಿ. ಅದರ ತಳದಡಿ ಸೀಸದಂಥ ಭಾರವಿರುತ್ತದೆ. ಉರುಳಿಸಿದರೂ ಭಾರ ಕೆಳಕ್ಕೆ ಜಗ್ಗಿ ನಿಲ್ಲಿಸುತ್ತದೆ. ನಮ್ಮ ನೌಕಾದಳದ ಕಮಾಂಡರ್ ಅಭಿಲಾಷ್ ಟೋಮಿಯವರು ಒಬ್ಬರೇ ಜಗತ್ತನ್ನು ಸುತ್ತುವ ಪಂದ್ಯದಲ್ಲಿದ್ದಾಗ, ೨೦೧೮ರ ಸೆಪ್ಟೆಂಬರ್ ೨೧ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ‘ತುರೀಯ’ ದೋಣಿ ಉರುಳಿತು. ಕೂವೆಮರಗಳು ಮುರಿದುವು, ಅವರ ಬೆನ್ನುಮೂಳೆಗೆ ಕಠಿಣ ಪೆಟ್ಟಾಯಿತು. ಆದರೆ ದೋಣಿ ತಾನಾಗಿ ಎದ್ದಿತು. ಆ ದೋಣಿಯೊಳಗೇ ಮಲಗಿ ಅವರು ಮೂರು ದಿನ ಕಾದರು. ೨೪ರಂದು ‘ಒಸಿರಿಸ್’ ಎಂಬ ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. ಅದೇ ವೀರರು ೨೦೨೩ರ ಏಪ್ರಿಲಿನಲ್ಲಿ ಮುಂದಿನ ಪಂದ್ಯವನ್ನು ಎರಡನೆಯವರಾಗಿ ಮುಗಿಸಿದರು. ಮೂರೊಡಲಿನ ದೋಣಿಗೆ ಇಂಥ ಸೀಸದ ಭಾಗ್ಯವಿಲ್ಲ. ಬಿದ್ದರೆ ಮನುಷ್ಯನೇ ಎತ್ತಬೇಕು.

ಇದು ಬಾಯಿಮಾತಿಗೆ ತಿಳಿಯುವುದಿಲ್ಲವೆಂದು, ಮಾರನೆಯ ರಾತ್ರಿ ನಾವು ಪಾತ್ರೆ ತೊಳೆಯುವ ತೊಟ್ಟಿಗೆ ನೀರು ತುಂಬಿಸಿದೆವು. ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ನಡುವಿನ ಒಡಲಾಯಿತು. ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳು ಪಕ್ಕದ ಒಡಲುಗಳಾದುವು. ತರಕಾರಿ ಬುಟ್ಟಿಯಿಂದ ಕಿತ್ತ ಬಿದಿರಿನ ಸೀಳುಗಳು ಅಡ್ಡತೊಲೆ. ಪಾರ್ಸೆಲು ಕಟ್ಟುವ ದಾರ. ಕೂವೆಮರಕ್ಕೆ ಒಂದು ಗೇಣುದ್ದದ ಕಡ್ಡಿ. ಮುಚ್ಚಳಗಳನ್ನೆಲ್ಲ ಬಿಗಿಮಾಡಿ ದೋಣಿಯನ್ನು ಕವುಚಿ ನೀರಿಗೆ ಬಿಟ್ಟೆವು. ಒಂದು ಪಕ್ಕದ ಬಾಟಲಿಗೆ ನೂರು ಗ್ರಾಂ ಅಕ್ಕಿಯ ಪೊಟ್ಟಣ ತೂಗಹಾಕಿದರೆ ಏನೂ ಆಗಲಿಲ್ಲ. ಇನ್ನೂರು, ಮುನ್ನೂರು, ಬಾಟಲಿ ಸ್ವಲ್ಪ ತಗ್ಗಿತೇ ಹೊರತು ಮುಳುಗಲಿಲ್ಲ. ಅರ್ಧ ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವ ಬಾಟಲಿಯನ್ನು ನೀರು ಅರ್ಧ ಕಿಲೋ ಬಲದಿಂದ ಮೇಲಕ್ಕೆ ನೂಕುತ್ತದೆಂದು ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದಾನೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಆ ರಾತ್ರಿ ನಮಗೆ ಅರ್ಥವಾಯಿತು. ನೂರು ಲೀಟರ್ ಗಾಳಿ ತುಂಬಿದ ಒಡಲನ್ನು ಮುಳುಗಿಸಬೇಕಾದರೆ ಹತ್ತಿರಹತ್ತಿರ ನೂರು ಕಿಲೋ ಭಾರ ಬೇಕು. ಐವತ್ತೈದು ಕಿಲೋ ತೂಗುವ ನಮ್ಮ ಹುಡುಗನು ಅದರ ಮೇಲೆ ನಿಂತು ಕುಣಿದರೂ ಅದು ಮುಳುಗದು. ಚಿತ್ರದ ಮನುಷ್ಯನು ಹತ್ತು ಬಾರಿ ಸೋತದ್ದು ಇದಕ್ಕೇ.

ಬಳಿಕ ಅಡಿಗೆಯಾತನು ಒಂದು ಬಾಟಲಿಯ ಮುಚ್ಚಳ ತೆಗೆದು ನೀರು ತುಂಬಿ ಮತ್ತೆ ಮುಚ್ಚಿದ. ಆ ಪಕ್ಕ ತೇಲುವ ಹಟ ಬಿಟ್ಟಿತು. ಆಚೆ ಪಕ್ಕದ ಬಾಟಲಿಗೆ ಕಟ್ಟಿದ ದಾರವನ್ನು ತಳದ ಮೇಲಿಂದ ಈಚೆಗೆ, ಎರಡು ಬೆರಳಲ್ಲಿ, ಎಳೆದ. ಗಾಳಿಯ ಬಾಟಲಿ ಎದ್ದು, ನೆತ್ತಿಯ ಮೇಲಿಂದ ಹಾದು ಈಚೆ ಬಿತ್ತು. ಕೂವೆಮರ ಮೇಲೆ ಬಂತು. “ಈಗ ಇದು ನಮ್ಮ ಹೋಡಿಯೇ ಅಲ್ಲವೇ” ಎಂದ. ನಿಜ. ತೋಳನ್ನು ಮಡಿಚಿದರೂ ಸರಿ, ಅದರೊಳಗೆ ನೀರು ತುಂಬಿದರೂ ಸರಿ, ಎರಡು ತೋಳಿನ ದೋಣಿಯನ್ನು ಒಂಟಿತೋಳಿನದಾಗಿ ಮಾಡಿಕೊಳ್ಳಬೇಕು. ಅದರ ಭದ್ರತೆಯನ್ನು ನಾವೇ ಕೆಡಿಸಬೇಕು. ಆಮೇಲೆ ಕಾರವಾರದ ವಿದ್ಯೆ ನಡೆಯುತ್ತದೆ.

ನಿಜವಾದ ದೋಣಿಯಲ್ಲಿ ಬಾಟಲಿಗಿಲ್ಲದ ತೊಡಕುಗಳು ಹಲವು. ಮೊದಲನೆಯದು ಹಾಯಿ. ನೀರಿನೊಳಗೆ ಹರಡಿಕೊಂಡ ಹಾಯಿ ಬಕೆಟ್ಟಿನಂತೆ ನೀರನ್ನು ಹಿಡಿಯುತ್ತದೆ. ಅದನ್ನು ಬಿಗಿದ ಹಗ್ಗವನ್ನು ಬಿಚ್ಚದೆ, ಸಾಧ್ಯವಾದರೆ ಹಾಯಿಯನ್ನು ಕೂವೆಗೆ ಸುತ್ತದೆ, ಎಷ್ಟು ಎಳೆದರೂ ಕೈಸೋಲುತ್ತದೆಯಲ್ಲದೆ, ಎದ್ದ ದೋಣಿ ಗಾಳಿಗೆ ಸಿಕ್ಕಿ ಆಚೆ ಮಗ್ಗುಲಿಗೆ ಮತ್ತೆ ಬೀಳುತ್ತದೆ. ಎರಡನೆಯದಾಗಿ, ದೋಣಿ ಪೂರ್ತಿ ತಲೆಕೆಳಗಾಗುವ ಮುಂಚೆ ಕೂವೆಮರ ನೀರಿನ ಮೇಲೆ ಮಲಗಿ ಸ್ವಲ್ಪ ಹೊತ್ತು ಪಕ್ಕಮಗ್ಗುಲಾಗಿ ಇರುತ್ತದೆ. ಎತ್ತಲು ಅದೇ ಒಳ್ಳೆಯ ಗಳಿಗೆ. ಅದಕ್ಕಾಗಿಯೇ ಕೆಲವು ದೋಣಿಗಳ ಕೂವೆಯೊಳಗೆ ನೀರು ನುಗ್ಗದಂತೆ ಮುಚ್ಚಿರುತ್ತಾರೆ, ಕೆಲವಕ್ಕೆ ತುದಿಯಲ್ಲಿ ತೇಲುಬುರುಡೆ ಕಟ್ಟಿರುತ್ತಾರೆ. ಆಗ ಒಬ್ಬನು ದೋಣಿಯ ಮೂತಿಯನ್ನು ಹಿಡಿದು ನೀರಿನಲ್ಲಿ ಜೋತುಬಿದ್ದರೆ ಅವನೇ ಲಂಗರಿನಂತಾಗಿ ಮೂತಿ ಗಾಳಿಗೆ ಎದುರಾಗುತ್ತದೆ. ಇನ್ನೊಬ್ಬನು ಕೆಳಗಿನ ಒಡಲಿನ ಮೇಲೆ ನಿಂತು, ಮೇಲಿನ ಒಡಲಿನಿಂದ ಬಂದ ಹಗ್ಗ ಹಿಡಿದು, ಕೈಯಿಂದಲ್ಲ, ಮೈಯ ಭಾರದಿಂದ ಹಿಂದಕ್ಕೆ ಒರಗಬೇಕು. ತಾಳ್ಮೆ ಬೇಕು, ಹಾಯಿಯಿಂದ ನೀರು ಜಾರಲು ಹೊತ್ತು ಹಿಡಿಯುತ್ತದೆ. ತೋಳು ಮಡಿಚಲು ಬಾರದ ದೋಣಿಯಾದರೆ, ಒಡಲಿನ ನಡುವೆ ನಿಲ್ಲದೆ ಅದರ ಹಿಂತುದಿಗೆ ಹೋಗಿ ಇಬ್ಬರು ನಿಂತಾಗ ಆ ಮೂಲೆಯಷ್ಟೇ ಮುಳುಗಿ ದೋಣಿ ಓರೆಯಾಗಿ ತಿರುಗುವುದುಂಟು.

ಅಡಿಗೆಯಾತನು ಪುಸ್ತಕಗಳಿಗಿಂತ ಹೆಚ್ಚು ಒತ್ತಿ ಹೇಳಿದ ಮಾತು ಬೇರೊಂದು. ತಲೆಯ ಮೇಲಿಂದ ಬರುವ ತೋಳು ಎಳೆದವನ ತಲೆಯ ಮೇಲೆಯೇ ಬೀಳಬಹುದು. ಅದು ನೆತ್ತಿ ದಾಟಿತೆಂದು ಕಂಡೊಡನೆ ಹಗ್ಗ ಬಿಟ್ಟು ದೋಣಿಯ ಒಡಲಿಗೆ ಅವಚಿಕೊಳ್ಳಬೇಕು. ಅವನ ಹಣೆಯ ಮೇಲಿರ ಅರ್ಧಚಂದ್ರದ ಕಲೆ ಸುಟ್ಟ ಎಣ್ಣೆಯದೆಂದು ನಾವು ಇಷ್ಟು ವರ್ಷ ತಿಳಿದಿದ್ದೆವು, ಅದು ಉಲಾಂಡಿಯದಂತೆ. ಇನ್ನೊಂದು: ಖಾಡಿಯಲ್ಲಿ ಇಳಿತದ ಹೊತ್ತಿಗೆ ಮಗುಚಿದರೆ ಕೂವೆಮರ ಕೆಸರಿಗೆ ನೆಡುತ್ತದೆ. ಆಗ ಎಳೆದರೆ ಕೂವೆ ಮುರಿಯುತ್ತದೆ. ದೋಣಿಯನ್ನು ಮೊದಲು ಆಳದ ನೀರಿಗೆ ನೂಕಬೇಕು, ಅಥವಾ ಭರತಿಗಾಗಿ ಕಾಯಬೇಕು.

ಉಲ್ಹಾಸದ ದಡದಲ್ಲಿ ಕುಳಿತು ಟ್ರೈಮರಾನಿನ ಚಿಂತೆ ನಮಗೇಕೆಂದು ಕೇಳುವ ವಾಚಕರಿರಬಹುದು. ಕೇಳಬೇಕಾದ ಪ್ರಶ್ನೆಯೇ. ಇಲ್ಲಿಂದ ಒಂದೇ ನಿಲ್ದಾಣದಾಚೆ ಇರುವ ಕಲ್ಯಾಣದಲ್ಲಿ, ಇದೇ ನದಿಯ ನೀರಿನ ಮೇಲೆ, ಶಿವಾಜಿ ಮಹಾರಾಜರು ೧೬೫೭ರ ಸುಮಾರಿಗೆ ತಮ್ಮ ನೌಕಾಬಲಕ್ಕೆ ಅಡಿಪಾಯ ಹಾಕಿದರೆಂಬುದನ್ನು ಊರವರು ಹೆಮ್ಮೆಯಿಂದ ಹೇಳುತ್ತಾರೆ. ನಮಗೆ ಮಾತ್ರ ಆ ನೀರು ಬೇರೊಂದು ನೆನಪನ್ನು ತರುತ್ತದೆ.

ಇಪ್ಪತ್ತು ವರ್ಷಗಳಿಗೂ ಹಿಂದೆ, ನಾವು ಕಲ್ಯಾಣದ ಒಂದು ಹೊಟೇಲಿನಲ್ಲಿ ಮಾಣಿಯಾಗಿದ್ದಾಗ, ಒಂದು ರಜೆಯ ಸಂಜೆ ನಾಲ್ವರು ಗೆಳೆಯರು ಕೂಡಿ ಪರಿಚಯದವರೊಬ್ಬರ ಪುಟ್ಟ ಮೀನುದೋಣಿಯನ್ನು ಕೇಳಿ ಪಡೆದು ಖಾಡಿಗೆ ಇಳಿದೆವು. ನಡುನೀರಿನಲ್ಲಿ ಒಬ್ಬನು ಜಾಗ ಬದಲಿಸಲು ಎದ್ದು ನಿಂತ, ದೋಣಿ ಮಗುಚಿತು. ನಾಲ್ವರೂ ಮೇಲೆ ಬಂದು ದೋಣಿಯ ಬೆನ್ನನ್ನು ಹಿಡಿದೆವು. ಕುಂದಾಪುರದ ಕಡೆಯ ಒಬ್ಬನು ನಮ್ಮೆಲ್ಲರಿಗಿಂತ ಚೆನ್ನಾಗಿ ಈಜುವವನು. ಗಂಗೊಳ್ಳಿಯ ಹೊಳೆಯಲ್ಲಿ ಹುಟ್ಟಿ ಬೆಳೆದವನೆಂದು ತಾನೇ ಹೇಳಿಕೊಳ್ಳುತ್ತಿದ್ದ. “ದಡ ಇಲ್ಲೇ ಇದೆ, ಯಾರನ್ನಾದರೂ ಕರೆತರುತ್ತೇನೆ” ಎಂದು ಪ್ಯಾಂಟು ಅಂಗಿಯಲ್ಲೇ ಹೊರಟ. ಕಣ್ಣಿಗೆ ಇನ್ನೂರು ಮಾರು ದೂರವೂ ಇರಲಿಲ್ಲ. ಆದರೆ ಇಳಿತ ಆರಂಭವಾಗಿತ್ತು. ಅವನ ತಲೆ ದಡದ ಕಡೆಗೆ ಹೋಗುವ ಬದಲು ಕೆಳಗಡೆಗೆ, ಕೆಳಗಡೆಗೆ ಹೋಯಿತು, ಮಬ್ಬುಗತ್ತಲೆಯಲ್ಲಿ ಕಾಣದಾಯಿತು. ಈಜು ಚೆನ್ನಾಗಿ ಬಾರದ ನಾವು ಮೂವರು ದೋಣಿಯನ್ನು ಬಿಡುವ ಧೈರ್ಯವಿಲ್ಲದೆ ಹಿಡಿದಿದ್ದೆವು. ಅದನ್ನು ಎತ್ತಲು ತಿಳಿಯದು. ಒಬ್ಬನು ಒಂದು ಕಡೆಯಿಂದ ಏರಿದರೆ ಇನ್ನೊಬ್ಬನು ಮತ್ತೊಂದು ಕಡೆಯಿಂದ ಜಾರುತ್ತಿದ್ದ. ಮರಳು ತೆಗೆಯುವ ದೋಣಿಯವರು ನಮ್ಮ ಕೂಗು ಕೇಳಿ ಬಂದರು. ಅವನು ಮರುದಿನ ಸಿಕ್ಕಿದ.

ಅವನ ಟ್ರಂಕನ್ನು ಊರಿಗೆ ಮುಟ್ಟಿಸುವ ಕೆಲಸ ನಮ್ಮ ಪಾಲಿಗೆ ಬಂತು. ಅವನ ತಾಯಿ ಅಳಲಿಲ್ಲ. ಟ್ರಂಕಿನ ಮೇಲೆ ಕೈಯಿಟ್ಟುಕೊಂಡು, “ಅವನಿಗೆ ಈಜುಕೆ ಬತ್ತಿತ್ತಲ್ದಾ ಮಗಾ?” ಎಂದು ಒಮ್ಮೆ ಕೇಳಿದರು. ಬರುತ್ತಿತ್ತು, ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು ಎಂದು ಹೇಳುವಷ್ಟೇ ನಮ್ಮಿಂದಾಯಿತು.

ಬಿದ್ದ ದೋಣಿಯನ್ನು ಎತ್ತುವ ವಿದ್ಯೆಯ ಮೊದಲ ಪಾಠ ಎತ್ತುವುದಲ್ಲ, ಬಿಡದಿರುವುದು ಎಂಬುದು ನಮಗೆ ತಿಳಿದದ್ದು ಹೀಗೆ. ಮುಳುಗದ ದೋಣಿ ಬೆನ್ನು ಮೇಲಾಗಿದ್ದರೂ ದೋಣಿಯೇ. ದೂರದಿಂದ ಹುಡುಕುವವನ ಕಣ್ಣಿಗೆ ದೋಣಿ ಕಾಣುತ್ತದೆ, ತಲೆ ಕಾಣುವುದಿಲ್ಲ. ಸೆಳೆತದಲ್ಲಿ ಎಷ್ಟು ಬಲಶಾಲಿಯಾದರೂ ಬಟ್ಟೆ ತೊಟ್ಟು ಈಜುವವನ ತೋಳು ಬೇಗ ಸೋಲುತ್ತದೆ. ಮೈಮೇಲೆ ಲೈಫ್ ಜಾಕೆಟ್ಟಿದ್ದರೆ ಕಾಯುವ ಕೆಲಸ ಮನುಷ್ಯನದಲ್ಲ, ಜಾಕೆಟ್ಟಿನದು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ೧೬ ಜನ ಸತ್ತ ಸುದ್ದಿ ಬಂದ ದಿನ, ಜನ ಹೆಚ್ಚಿದ್ದರು, ಹಲವರ ಮೈಮೇಲೆ ಜಾಕೆಟ್ಟಿರಲಿಲ್ಲ ಎಂಬ ವರದಿಯನ್ನು ಓದಿ ನಮ್ಮ ಅಡಿಗೆಯಾತನು ಆ ದಿನ ಒಲೆಯ ಮುಂದೆ ಒಂದು ಮಾತೂ ಆಡಲಿಲ್ಲ. ಅದು ಅವನ ಊರಿನ ಕಡಲು.

ದೋಣಿಯನ್ನು ಬಿಡದಿದ್ದವರ ಕಥೆಯೊಂದನ್ನು ಹೇಳಬೇಕು. ನಂಬುವುದು ಕಷ್ಟ, ಆದರೆ ನಡೆದದ್ದು. ೧೯೮೯ರಲ್ಲಿ ‘ರೋಸ್ ನೋಯೆಲ್’ ಎಂಬ, ೧೨ ಮೀಟರಿಗೂ ಉದ್ದದ ಮೂರೊಡಲಿನ ದೋಣಿ ನಾಲ್ವರನ್ನು ಹೊತ್ತು ನ್ಯೂಜಿಲೆಂಡಿನಿಂದ ಟೋಂಗಾ ದ್ವೀಪಗಳ ಕಡೆಗೆ ಹೊರಟಿತು. ಜೂನ್ ೪ರ ಬೆಳಗಿನ ಜಾವ ದೊಡ್ಡ ಅಲೆಯೊಂದು ಅದನ್ನು ತಲೆಕೆಳಗು ಮಾಡಿತು. ಅಷ್ಟು ದೊಡ್ಡದನ್ನು ನಾಲ್ಕು ಜನ ಎತ್ತುವುದು ಆಗದ ಮಾತು. ಅವರು ಎತ್ತಲಿಲ್ಲ, ತಳಕ್ಕೆ ಕಿಂಡಿ ಕೊರೆದು, ಕವುಚಿದ ಒಡಲಿನೊಳಗೆಯೇ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿ, ಮಳೆನೀರು ಕುಡಿದು, ಮೀನು ಹಿಡಿದು ತಿಂದು ೧೧೯ ದಿನ ಬದುಕಿದರು! ಸೆಪ್ಟೆಂಬರ್ ೩೦ರಂದು ಅಲೆಗಳೇ ಅವರನ್ನು ನ್ಯೂಜಿಲೆಂಡಿನ ಗ್ರೇಟ್ ಬ್ಯಾರಿಯರ್ ದ್ವೀಪಕ್ಕೆ ಎಸೆದುವು. ನಾಲ್ವರೂ ಜೀವಂತ. ಇಷ್ಟು ದಿನ ಸಮುದ್ರದಲ್ಲಿದ್ದವರು ಇಷ್ಟು ಗಟ್ಟಿಯಾಗಿರಲು ಸಾಧ್ಯವೇ ಎಂದು ಜನ ಅನುಮಾನಿಸಿ ಸುಳ್ಳರೆಂದರು; ಸರಕಾರದ ವಿಚಾರಣೆ ನಡೆದ ಮೇಲೆ ಅವರ ಮಾತು ನಿಜವೆಂದಾಯಿತು. ಒಂದೊಡಲಿನ ದೋಣಿಯ ಸೀಸ ಅದನ್ನು ಎತ್ತುತ್ತದೆ, ಆದರೆ ತೂತಾದರೆ ಅದೇ ಸೀಸ ತಳಕ್ಕೂ ಒಯ್ಯುತ್ತದೆ. ಸೀಸವಿಲ್ಲದ ಮೂರೊಡಲಿನದು ಏಳದಿದ್ದರೂ ತೇಲುತ್ತಿರುತ್ತದೆ.

ಎತ್ತುವ ಯಂತ್ರವನ್ನೇ ದೋಣಿಗೆ ಅಳವಡಿಸಹೊರಟವನೂ ಒಬ್ಬನಿದ್ದ. ೧೯೬೮ರ ಅಕ್ಟೋಬರ್ ೩೧ರಂದು ಇಂಗ್ಲೆಂಡಿನಿಂದ ಜಗತ್ತು ಸುತ್ತುವ ಪಂದ್ಯಕ್ಕೆ ಹೊರಟ ಡೊನಾಲ್ಡ್ ಕ್ರೌಹರ್ಸ್ಟ್. ಕೂವೆಮರದ ತುದಿಯಲ್ಲಿ ಒಂದು ಗಾಳಿಚೀಲ. ದೋಣಿ ಬಿದ್ದೊಡನೆ ಅದು ಉಬ್ಬಿ ಪೂರ್ತಿ ಕವುಚದಂತೆ ತಡೆಯಬೇಕು. ಬಳಿಕ ಮೇಲಿನ ಪಕ್ಕದ ಒಡಲಿಗೆ ನೀರು ಹಾಯಿಸಿ ಆ ಭಾರದಿಂದಲೇ ದೋಣಿಯನ್ನು ಎತ್ತಬೇಕು. ಯೋಚನೆ ಸೊಗಸಾಗಿಯೇ ಇತ್ತು; ನಮ್ಮ ತೊಟ್ಟಿಯ ಬಾಟಲಿಗೆ ನೀರು ತುಂಬಿದ್ದರ ಸೋದರ ಸಂಬಂಧಿ. ಆದರೆ ಹೊರಡುವ ಅವಸರದಲ್ಲಿ ಚೀಲಕ್ಕೂ ಯಂತ್ರಕ್ಕೂ ಸಂಬಂಧ ಕೂಡಿಸುವುದು ಮುಗಿಯಲೇ ಇಲ್ಲ. ಮಗುಚಿದರೆ ಏಳಲಾರದ ದೋಣಿಯಲ್ಲಿ ದಕ್ಷಿಣ ಸಾಗರಕ್ಕೆ ಹೋಗಲು ಅಂಜಿ, ಹೋಗಿದ್ದೇನೆಂದು ಸುಳ್ಳು ವರದಿ ಕಳುಹಿಸುತ್ತ ಅಟ್ಲಾಂಟಿಕ್ಕಿನಲ್ಲೇ ಸುಳಿದಾಡಿದ. ೧೯೬೯ರ ಜುಲೈ ೧೦ರಂದು ಅವನ ದೋಣಿ ಸಿಕ್ಕಿತು. ನೆಟ್ಟಗೇ ತೇಲುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಈ ಕಥೆಗಳನ್ನೆಲ್ಲ ತೊಟ್ಟಿಯ ಸುತ್ತ ಕುಳಿತ ಹುಡುಗರಿಗೆ ಹೇಳಿದೆವು. ಅವರಲ್ಲಿ ಇಬ್ಬರು ಮೊಗವೀರರ ಮನೆಯವರು. ೧೯೦೨ರಷ್ಟು ಹಿಂದೆಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ಸಮಾಜದ ಮಕ್ಕಳು. ಅಜ್ಜಂದಿರ ಕೈಯಲ್ಲಿ ಹುಟ್ಟಿದ್ದುವು, ಮೊಮ್ಮಕ್ಕಳ ಕೈಯಲ್ಲಿ ಕಾಫಿಯ ಟ್ರೇ ಇದೆ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ರಜೆ ಬಂತೆಂದರೆ ಈ ಮಕ್ಕಳು ನೀರಿನ ಕಡೆಗೇ ಹೋಗುತ್ತಾರೆ, ಅಜ್ಜನ ಧೈರ್ಯವಷ್ಟನ್ನೇ ಹೊತ್ತುಕೊಂಡು, ಅಜ್ಜನ ವಿದ್ಯೆಯನ್ನು ಊರಲ್ಲೇ ಬಿಟ್ಟು. ಮಳೆಗಾಲದ ಉಲ್ಹಾಸವನ್ನು ನಾವು ಬಲ್ಲೆವು: ೨೦೧೯ರ ಜುಲೈ ೨೭ರಂದು ಬದಲಾಪುರ–ವಾಂಗಣಿಗಳ ನಡುವೆ ಅದರ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಗಾಡಿಯೇ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಇಳಿಸಿ ತರಬೇಕಾಯಿತು. ಅಂಥ ನೀರಿನಲ್ಲಿ ಅಭ್ಯಾಸದ ಮಾತೇ ಬೇಡವೆಂದು ಖಂಡಿತವಾಗಿ ಹೇಳಿದೆವು. ಕಲಿಯುವುದಾದರೆ ಊರಿಗೆ ಹೋದಾಗ, ಅಲೆಯಿಲ್ಲದ ಕಡೆ, ಎದೆಮಟ್ಟದ ನೀರಿನಲ್ಲಿ, ಜಾಕೆಟ್ಟು ತೊಟ್ಟು, ತಿಳಿದವರನ್ನು ದಡದಲ್ಲಿ ನಿಲ್ಲಿಸಿಕೊಂಡು. ಡಿಸೆಂಬರಿನಲ್ಲಿ ರಜೆಗೆ ಹೋಗುವ ಅಡಿಗೆಯಾತನು ಇಬ್ಬರನ್ನು ತನ್ನೂರಿಗೆ ಕರೆದೊಯ್ಯಲು ಒಪ್ಪಿದ್ದಾನೆ. ಹೋಡಿ ಅವನ ಅಣ್ಣನ ಮನೆಯಲ್ಲಿ ಇನ್ನೂ ಇದೆಯಂತೆ.

ಅಲ್ಲಿಯವರೆಗೆ ತೊಟ್ಟಿಯೇ ಕಡಲು. ಪಾತ್ರೆ ತೊಳೆಯುವ ಹುಡುಗನು ಈಗ ಕಣ್ಣುಮುಚ್ಚಿಕೊಂಡು ಬಾಟಲಿಯ ದೋಣಿಯನ್ನು ಎತ್ತುತ್ತಾನೆ. ಆದರೆ ಅಡಿಗೆಯಾತನ ನಿಯಮವೊಂದಿದೆ: ದಾರ ಮುಟ್ಟುವ ಮುಂಚೆ, ಆಟದಲ್ಲಾದರೂ ಸರಿ, ತಲೆ ಎಣಿಸಬೇಕು. ಮೊನ್ನೆ ರಾತ್ರಿ ದೋಣಿ ಕವುಚಿದೊಡನೆ ಒಬ್ಬೊಬ್ಬರಾಗಿ ಕೂಗಿದರು. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿಗೆ ನಿಂತಿತು. ಅಡಿಗೆಯಾತನು ದಾರವನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಕಡೆಗೆ ತಿರುಗಿದ. ಆರನೆಯವನು ಹೊರಗೆ ಷಟರ್ ಎಳೆಯಲು ಹೋಗಿದ್ದ. ಅವನು ಒಳಗೆ ಬಂದು “ಆರು” ಎನ್ನುವವರೆಗೆ ಯಾರೂ ದೋಣಿಯನ್ನು ಮುಟ್ಟಲಿಲ್ಲ.